ಅಕ್ಕನ ಆಮೆಗೊಂದು ಮಳೆಗಾಲ

ಹೀಟ್ ಟ್ರಾನ್ಸ್‌ಫರ್ ಪರೀಕ್ಷೆ ಬರೆದು, ಡೇಟಾ ಹ್ಯಾಂಡ್‌ಬುಕ್ಕನ್ನು ಲೈಬ್ರರಿಗೆ ವಾಪಸ್ ಕೊಟ್ಟು, "ಅಬ್ಬಾ, ಇನ್ನು ಇದರ ಸಹವಾಸ ಮುಗೀತು" ಅಂದುಕೊಂಡ ವಾರವೇ ಅಕ್ಕನ ಫೋನ್ ಬಂತು. ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ನಮಗೆ ರಾತ್ರಿ ಒಂಬತ್ತಾದ್ರೆ ಅವಳಿಗೆ ಬೆಳಿಗ್ಗೆ ಒಂಬತ್ತೂವರೆ.

"ಲೋ, ನೀನು ಮೆಕ್ಯಾನಿಕಲ್ ತಾನೇ? ನನ್ನ ಆಮೆ ಡಬ್ಬಿ ಬೆಚ್ಚಗೂ ಇರ್ಬೇಕು, ತೇವವಾಗೂ ಇರ್ಬೇಕು. ಹೀಟರ್ ಹಾಕಿದ್ರೆ ಒಣಗುತ್ತೆ, ನೀರು ಹೊಡೆದ್ರೆ ತಣ್ಣಗಾಗುತ್ತೆ. ಏನ್ ಮಾಡ್ಲಿ ಹೇಳು."

ಊರು ಬಿಟ್ಟು ಹೋಗುತ್ತಿದ್ದ ಗೆಳತಿಯೊಬ್ಬಳು ಸಾಕೋಕೆ ಆಗಲ್ಲ ಅಂತ ಅಕ್ಕನ ಕೈಗೆ ಕೊಟ್ಟುಹೋದ ಮರಿ ಅದು. ಆಫ್ರಿಕಾದ ಸಲ್ಕಾಟಾ ಜಾತಿ, ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಹೆಸರು ಗುಂಡ. ವೀಡಿಯೊದಲ್ಲಿ ಅಕ್ಕ ಅವನನ್ನು ಕ್ಯಾಮೆರಾ ಹತ್ತಿರ ಹಿಡಿದಳು. ನಯವಾಗಿ ಗುಮ್ಮಟದ ಹಾಗಿರಬೇಕಾದ ಚಿಪ್ಪಿನ ಮೇಲೆ ಪ್ರತಿ ಬಿಲ್ಲೆಯೂ ಸಣ್ಣ ಗೋಪುರದಂತೆ ಎದ್ದುಕೊಳ್ಳೋಕೆ ಶುರುವಾಗಿತ್ತು. "ಇದು ಒಂದ್ಸಲ ಎದ್ರೆ ಮತ್ತೆ ಇಳಿಯಲ್ವಂತೆ ಕಣೋ, ಇನ್ನು ಮುಂದೆ ಏಳದ ಹಾಗೆ ನೋಡ್ಕೋಬೇಕು ಅಂತಾರೆ ಡಾಕ್ಟ್ರು" ಅಂದಳು.

ಎರಡು ತಿಂಗಳು ನಾವಿಬ್ಬರೂ ಸೇರಿ ಆ ಡಬ್ಬಿ ಕಟ್ಟಿದೆವು. ಅವಳ ಕೈ, ನನ್ನ ಲೆಕ್ಕ. ನಡುವೆ ನಾನು ಮಾಡಿದ ಒಂದು ತಪ್ಪಿನಿಂದ ಗುಂಡನ ಜೀವವೇ ಹೋಗ್ತಿತ್ತು. ಆ ಲೆಕ್ಕ ಮತ್ತು ಆ ತಪ್ಪು ಎರಡನ್ನೂ ಇಲ್ಲಿ ಬರೀತಿದ್ದೀನಿ. ನಮ್ಮ ಸಿಲಬಸ್‌ನ ಮೂರು ಪಾಠಗಳು ಒಂದೇ ಡಬ್ಬಿಯಲ್ಲಿ ಸಿಗುತ್ತವೆ.

ಆಮೆಗೆ ಬಿಸಿ ಯಾಕೆ, ತೇವ ಯಾಕೆ?

ನಮ್ಮ ದೇಹ ತಿಂದ ಅನ್ನ ಉರಿಸಿ 37 ಡಿಗ್ರಿ ಕಾಯ್ದುಕೊಳ್ಳುತ್ತೆ. ಆಮೆಗೆ ಆ ಸೌಕರ್ಯ ಇಲ್ಲ. ಸುತ್ತಲಿನ ಬಿಸಿಯೇ ಅದರ ಬಿಸಿ. ಹೊಟ್ಟೆಯೊಳಗಿನ ಹುಲ್ಲು ಕರಗಬೇಕಾದ್ರೂ, ರೋಗದ ವಿರುದ್ಧ ದೇಹ ಹೋರಾಡಬೇಕಾದ್ರೂ ಮೈ ಬೆಚ್ಚಗಿರಬೇಕು. ಸಲ್ಕಾಟಾ ಮರಿಗೆ ಹಗಲು 28ರಿಂದ 32 ಡಿಗ್ರಿ, ಮೈ ಕಾಯಿಸಿಕೊಳ್ಳೋ ಜಾಗದಲ್ಲಿ 35ರಿಂದ 37, ರಾತ್ರಿ 26ಕ್ಕಿಂತ ಕಡಿಮೆ ಆಗಬಾರದು ಅನ್ನೋದು ಸಾಕುವವರು ಪಾಲಿಸೋ ಲೆಕ್ಕ.

ಆದರೆ ತೇವ ಯಾಕೆ? ಸಲ್ಕಾಟಾ ಹುಟ್ಟೂರು ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಮರುಭೂಮಿ ಪ್ರಾಣಿಗೆ ಒಣ ಹವೆಯೇ ಸರಿ ಅಂತ ಬಹಳ ಕಾಲ ಸಾಕುವವರೂ ನಂಬಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಏನಪ್ಪಾ ಅಂದ್ರೆ, ಈ ಆಮೆ ಮರುಭೂಮಿಯ ಮೇಲೆ ಕಳೆಯೋ ಹೊತ್ತಿಗಿಂತ ಅದರೊಳಗೆ ಕಳೆಯೋ ಹೊತ್ತೇ ಜಾಸ್ತಿ. ಉದ್ದುದ್ದ ಬಿಲ ತೋಡಿ ಒಳಗೆ ಕೂರುತ್ತೆ. ಮೇಲೆ ಬಿಸಿಲು ಸುಡುತ್ತಿದ್ದರೂ ಬಿಲದೊಳಗಿನ ಮಣ್ಣು, ಗಾಳಿ ಎರಡೂ ತೇವ. ಜೊತೆಗೆ ಮರಿಗಳು ಮಳೆ ಬರುವ ದಿನಗಳಲ್ಲೇ ಬೆಳೆಯೋದು. ಅಂದ್ರೆ ಹವಾಮಾನ ಇಲಾಖೆ ಅಳೆಯೋ ತೇವಾಂಶ ಬೇರೆ, ಆಮೆ ಬದುಕೋ ತೇವಾಂಶ ಬೇರೆ.

ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರಾದ ವೀಸ್ನರ್ ಮತ್ತು ಈಬೆನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಜಾತಿಯ 50 ಮರಿಗಳನ್ನು ಐದು ತಿಂಗಳು ಬೆಳೆಸಿ ನೋಡಿತು. ಚಿಪ್ಪು ಗೋಪುರವಾಗೋದಕ್ಕೆ ಆಹಾರದ ಪ್ರೋಟೀನ್ ಜಾಸ್ತಿಯಾಗಿದ್ದೇ ಕಾರಣ ಅಂತ ಆವರೆಗೆ ಹೇಳುತ್ತಿದ್ದರು. ಈ ಅಧ್ಯಯನದಲ್ಲಿ ಪ್ರೋಟೀನ್ ಪಾತ್ರ ಚಿಕ್ಕದು, ಒಣ ಗಾಳಿಯ ಪಾತ್ರ ದೊಡ್ಡದು ಅಂತ ಕಂಡುಬಂತು. ಅಕ್ಕನ ಡಾಕ್ಟ್ರು ಹೇಳಿದ್ದೂ ಇದೇ: ತೇವಾಂಶ 80ರ ಹತ್ತಿರ ಇಡಿ. ಜೊತೆಗೆ ಒಂದು ಎಚ್ಚರಿಕೆ: ಬೆಚ್ಚಗಿನ ತೇವ ಒಳ್ಳೇದು, ತಣ್ಣಗಿನ ತೇವ ಕೆಟ್ಟದ್ದು. ತಣ್ಣಗೆ ಒದ್ದೆಯಾಗಿದ್ರೆ ಶ್ವಾಸಕೋಶಕ್ಕೆ ಸೋಂಕು ಹತ್ತುತ್ತೆ. ಆದ್ದರಿಂದ ಬಿಸಿ, ತೇವ ಎರಡನ್ನೂ ಒಟ್ಟಿಗೇ ಸಾಧಿಸಬೇಕು. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಶೇಕಡಾ ಅನ್ನೋ ಮಾಯೆ

ಅಕ್ಕನ ಮೊದಲ ಏರ್ಪಾಡು ಹೀಗಿತ್ತು: ಮೇಲೆ ತೆರೆದ ದೊಡ್ಡ ಪ್ಲಾಸ್ಟಿಕ್ ಟಬ್, ಅದರ ಮೇಲೊಂದು ಬಿಸಿ ದೀಪ, ದಿನಕ್ಕೆ ಹತ್ತು ಸಲ ಸ್ಪ್ರೇ ಬಾಟಲಿಯಿಂದ ನೀರು. ಸ್ಪ್ರೇ ಮಾಡಿದಾಗ ಮೀಟರ್ 70 ತೋರಿಸುತ್ತಿತ್ತು, ಅರ್ಧ ಗಂಟೆಗೆ 20ಕ್ಕೆ ಇಳಿಯುತ್ತಿತ್ತು. "ನೀರೆಲ್ಲ ಎಲ್ಲಿಗೆ ಹೋಗುತ್ತೋ ಗೊತ್ತಾಗ್ತಿಲ್ಲ" ಅಂತಿದ್ದಳು.

ಇದಕ್ಕೆ ಉತ್ತರ ಬೇಕಾದ್ರೆ ಶೇಕಡಾ ಬಿಟ್ಟು ಗ್ರಾಂನಲ್ಲಿ ಯೋಚಿಸಬೇಕು. ಒಂದು ಘನ ಮೀಟರ್ ಗಾಳಿ ಗರಿಷ್ಠ ಎಷ್ಟು ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು?

0 ಡಿಗ್ರಿಯಲ್ಲಿ: ಸುಮಾರು 5 ಗ್ರಾಂ
10 ಡಿಗ್ರಿಯಲ್ಲಿ: ಸುಮಾರು 9 ಗ್ರಾಂ
20 ಡಿಗ್ರಿಯಲ್ಲಿ: ಸುಮಾರು 17 ಗ್ರಾಂ
30 ಡಿಗ್ರಿಯಲ್ಲಿ: ಸುಮಾರು 30 ಗ್ರಾಂ

ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡು ಪಟ್ಟು ಅಂತ ನೆನಪಿಟ್ಟುಕೊಂಡ್ರೆ ಸಾಕು.

ಮಿನಿಯಾಪೊಲಿಸ್‌ನಲ್ಲಿ ಜನವರಿ ಅಂದ್ರೆ ಹೊರಗೆ ಮೈನಸ್ 10 ಡಿಗ್ರಿ ಸಾಮಾನ್ಯ. ಆ ಗಾಳಿಯಲ್ಲಿ ನೀರು ಇರೋದೇ ಘನ ಮೀಟರಿಗೆ ಎರಡು ಗ್ರಾಂ. ಅದು ಮನೆಯೊಳಗೆ ಬಂದು 20 ಡಿಗ್ರಿಗೆ ಕಾಯುತ್ತೆ. ಅಡುಗೆ, ಸ್ನಾನ, ಉಸಿರು ಎಲ್ಲ ಸೇರಿ ಸ್ವಲ್ಪ ನೀರು ಕೂಡಿಕೊಂಡು ಅಕ್ಕನ ಮನೆ ಮೀಟರ್ 25 ಪರ್ಸೆಂಟ್ ತೋರಿಸುತ್ತಿತ್ತು. ಅಂದ್ರೆ 17ರಲ್ಲಿ ಕಾಲು ಭಾಗ, ಸುಮಾರು 4.3 ಗ್ರಾಂ. ಇದೇ ಗಾಳಿಯನ್ನು ಗುಂಡನ ಟಬ್‌ನಲ್ಲಿ 30 ಡಿಗ್ರಿಗೆ ಕಾಯಿಸಿ. ನೀರು ಅಷ್ಟೇ 4.3 ಗ್ರಾಂ, ಹಿಡಿಸುವ ಜಾಗ ಮಾತ್ರ 30ಕ್ಕೆ ಏರಿತು. 4.3 ಭಾಗಿಸು 30, ಬಂತು 14 ಪರ್ಸೆಂಟ್. ಹೀಟರ್ ನೀರನ್ನು ತಿಂದಿಲ್ಲ, ಪಾತ್ರೆಯನ್ನು ದೊಡ್ಡದು ಮಾಡಿದೆ ಅಷ್ಟೇ. ಬೆಂಗಳೂರಿನ ಆಗಸ್ಟ್ ತಿಂಗಳಲ್ಲಿ ಒಗೆದ ಬಟ್ಟೆ ಎರಡು ದಿನ ಒಣಗದೇ ಇರೋದನ್ನು ಕಂಡ ನಮಗೆ ಈ 14 ಅನ್ನೋ ಅಂಕಿ ಊಹಿಸೋದೂ ಕಷ್ಟ.

ನಮಗೆ ಬೇಕಾದದ್ದು 80 ಪರ್ಸೆಂಟ್, ಅಂದ್ರೆ 24 ಗ್ರಾಂ. ಕೊರತೆ ಘನ ಮೀಟರಿಗೆ ಸುಮಾರು 20 ಗ್ರಾಂ.

ನೀರಿನ ಲೆಕ್ಕ: ತುಂಬೋದಲ್ಲ, ಸೋರೋದು ಮುಖ್ಯ

ಹೊಸ ಡಬ್ಬಿ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ ಅಂತ ನಿರ್ಧಾರ ಮಾಡಿದೆವು. ಗಾತ್ರ 0.43 ಘನ ಮೀಟರ್. ಇದರ ಗಾಳಿಯನ್ನು 80ಕ್ಕೆ ಏರಿಸೋಕೆ ಬೇಕಾದ ನೀರು 20 ಗುಣಿಸು 0.43, ಅಂದ್ರೆ 9 ಗ್ರಾಂಗಿಂತ ಕಡಿಮೆ. ಎರಡು ಟೀ ಚಮಚ!

ಹಾಗಾದ್ರೆ ದಿನಕ್ಕೆ ಹತ್ತು ಸಲ ಸ್ಪ್ರೇ ಮಾಡಿದ್ದು ಯಾಕೆ ಸಾಲಲಿಲ್ಲ? ಯಾಕಂದ್ರೆ ಮೇಲೆ ತೆರೆದಿದೆ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗುತ್ತೆ, ಮನೆಯ ಒಣ ಗಾಳಿ ಒಳಗೆ ಬರುತ್ತೆ. ಗಂಟೆಗೆ ಐದು ಸಲ ಗಾಳಿ ಬದಲಾಗುತ್ತೆ ಅಂತ ಇಟ್ಟುಕೊಳ್ಳಿ. ಆಗ ಗಂಟೆಗೆ 43 ಗ್ರಾಂ, ದಿನಕ್ಕೆ ಒಂದು ಲೀಟರ್ ನೀರು ಹೋಗುತ್ತೆ. ಅದೇ ಡಬ್ಬಿಗೆ ಮುಚ್ಚಳ ಹಾಕಿ, ಸಂದುಗಳನ್ನು ಸಿಲಿಕೋನ್‌ನಿಂದ ಮುಚ್ಚಿ, ಎರಡು ಗಂಟೆಗೊಮ್ಮೆ ಮಾತ್ರ ಗಾಳಿ ಬದಲಾಗುವ ಹಾಗೆ ಮಾಡಿದ್ರೆ ಗಂಟೆಗೆ ನಾಲ್ಕು ಚಿಲ್ಲರೆ ಗ್ರಾಂ, ದಿನಕ್ಕೆ 100 ಮಿಲಿ. ಒಂದು ಕಾಫಿ ಲೋಟದಷ್ಟು.

ಇಲ್ಲಿ ಇನ್ನೊಂದು ಸಂಗತಿ ಇದೆ. ಒಂದು ಗ್ರಾಂ ನೀರು ಆವಿಯಾಗೋಕೆ ಸುಮಾರು 2400 ಜೌಲ್ ಬೇಕು. ಗಂಟೆಗೆ 43 ಗ್ರಾಂ ಅಂದ್ರೆ 29 ವ್ಯಾಟ್ ಬರೀ ನೀರು ಆವಿ ಮಾಡೋಕೇ ಖರ್ಚು. ಮುಚ್ಚಿದ ಡಬ್ಬಿಯಲ್ಲಿ ಅದು ಮೂರೇ ವ್ಯಾಟ್. ಅಕ್ಕ ಮೊದಲ ದಿನ ಹೇಳಿದ ದೂರು ನೆನಪಿದೆಯಾ? "ನೀರು ಹೊಡೆದ್ರೆ ತಣ್ಣಗಾಗುತ್ತೆ." ಅದರ ಕಾರಣ ಇದೇ. ನಮ್ಮ ಮಣ್ಣಿನ ಹೂಜಿ ನೀರನ್ನು ತಂಪು ಮಾಡೋ ಕ್ರಮದಲ್ಲೇ ಅವಳ ಟಬ್ ಗುಂಡನನ್ನು ತಂಪು ಮಾಡುತ್ತಿತ್ತು. ಮುಚ್ಚಿಬಿಟ್ಟರೆ ಎರಡೂ ಸಮಸ್ಯೆ ಒಂದೇ ಏಟಿಗೆ ಕಡಿಮೆಯಾಗುತ್ತವೆ.

ಸ್ಪ್ರೇ ಬದಲು ತೇವದ ಮೂಲ ನೆಲವೇ ಆಯ್ತು. ಹತ್ತು ಸೆಂಟಿಮೀಟರ್ ದಪ್ಪ ಕೊಕೊಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಹಾಸಿ ಮೂಲೆಗಳಲ್ಲಿ ಉಗುರುಬೆಚ್ಚಗಿನ ನೀರು ಸುರಿಯೋದು. ಕೆಳಪದರ ಒದ್ದೆ, ಮೇಲ್ಪದರ ಮುಟ್ಟಿದರೆ ಒಣ ಅನ್ನಿಸಬೇಕು. ಮೇಲೂ ಕೆಸರಾದ್ರೆ ಆಮೆಯ ಹೊಟ್ಟೆ ಕಡೆಯ ಚಿಪ್ಪು ಕೊಳೆಯುತ್ತೆ. ಅಕ್ಕ ತಂದ ಪೀಟ್ ಇಟ್ಟಿಗೆ ಮೇಲೆ 'ಮೇಡ್ ಇನ್ ಇಂಡಿಯಾ' ಅಂತ ಇತ್ತು. "ಲೋ, ನಮ್ಮೂರ ತೆಂಗು ಇಲ್ಲಿಗೂ ಬಂದಿದೆ" ಅಂತ ಖುಷಿಪಟ್ಟಳು. ಹೊಗೆಯಂತೆ ಮಂಜು ಬಿಡೋ ಯಂತ್ರ ತರ್ಲಾ ಅಂತಲೂ ಕೇಳಿದಳು, ಬೇಡ ಅಂದೆ. ಅದು ಬಿಡೋದು ಆವಿ ಅಲ್ಲ, ತಣ್ಣನೆ ಹನಿ. ಅದು ಆವಿಯಾಗೋಕೆ ಬೇಕಾದ ಬಿಸಿಯನ್ನು ಡಬ್ಬಿಯ ಗಾಳಿಯಿಂದಲೇ ಕಿತ್ತುಕೊಳ್ಳುತ್ತೆ. ತೊಟ್ಟಿಯ ನೀರು ಕೆಟ್ಟಿದ್ರಂತೂ ಅದರ ಬ್ಯಾಕ್ಟೀರಿಯಾ ನೇರ ಶ್ವಾಸಕೋಶಕ್ಕೆ.

ಬಿಸಿಯ ಲೆಕ್ಕ

ಇದು ನಮಗೆಲ್ಲ ಗೊತ್ತಿರೋ ಪಾಠ: ಬಿಸಿ ಹರಿಯೋದು ಕರೆಂಟ್ ಹರಿದ ಹಾಗೆ. ತಾಪಮಾನದ ವ್ಯತ್ಯಾಸ ವೋಲ್ಟೇಜ್, ಗೋಡೆ ರೆಸಿಸ್ಟೆನ್ಸ್.

ಡಬ್ಬಿಯ ಆರೂ ಮುಖ ಸೇರಿ 3.6 ಚದರ ಮೀಟರ್. 18 ಮಿಲಿಮೀಟರ್ ಪ್ಲೈವುಡ್ ಗೋಡೆ ಮಾತ್ರ ಇದ್ರೆ, ಒಳಗಿನ ಮತ್ತು ಹೊರಗಿನ ಗಾಳಿಪದರದ ತಡೆಯನ್ನೂ ಸೇರಿಸಿ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 2.6 ವ್ಯಾಟ್ ಸೋರುತ್ತೆ. ಒಳಗೆ 30, ಹೊರಗೆ 20, ವ್ಯತ್ಯಾಸ 10. ಒಟ್ಟು 94 ವ್ಯಾಟ್.

ಈಗ ಹೊರಗಿನಿಂದ 25 ಮಿಲಿಮೀಟರ್ ಫೋಮ್ ಹಲಗೆ ಅಂಟಿಸಿ. ಸೋರಿಕೆ 2.6ರಿಂದ 0.88ಕ್ಕೆ ಇಳಿಯುತ್ತೆ. ಆದ್ರೆ ಮುಂದಿನ ಮುಖ ಗಾಜು, ಅಲ್ಲಿ ಫೋಮ್ ಹಾಕೋಕಾಗಲ್ಲ. ಒಂಟಿ ಗಾಜಿನದು ಸುಮಾರು 4.1. ಹೀಗೆ:

ಗಾಜು: 0.72 ಚದರ ಮೀಟರ್ ಗುಣಿಸು 4.1, ಪ್ರತಿ ಡಿಗ್ರಿಗೆ 2.95 ವ್ಯಾಟ್
ಉಳಿದ ಐದು ಮುಖ: 2.88 ಚದರ ಮೀಟರ್ ಗುಣಿಸು 0.88, ಪ್ರತಿ ಡಿಗ್ರಿಗೆ 2.53 ವ್ಯಾಟ್
ಒಟ್ಟು: ಪ್ರತಿ ಡಿಗ್ರಿಗೆ ಸುಮಾರು 5.5 ವ್ಯಾಟ್

ಈ 5.5 ಅನ್ನೋ ಅಂಕಿಯನ್ನು ನೆನಪಿಡಿ. ಇಡೀ ಲೇಖನದ ಜೀವ ಇದರಲ್ಲಿದೆ. ಹತ್ತು ಡಿಗ್ರಿ ವ್ಯತ್ಯಾಸಕ್ಕೆ 55, ನೀರು ಆವಿ ಮಾಡೋಕೆ 3, ಒಟ್ಟು 58 ವ್ಯಾಟ್. ಒಂದು ಹಳೇ ಕಾಲದ ಬಲ್ಬಿನಷ್ಟು ಸಾಕು.

ಒಂದು ಮುಖವೇ ಆದ್ರೂ ಅರ್ಧಕ್ಕಿಂತ ಹೆಚ್ಚು ಬಿಸಿ ಗಾಜಿನಿಂದಲೇ ಹೋಗ್ತಿದೆ ನೋಡಿ. ಗಾಜಿನ ಒಳಮೈ ಹೆಚ್ಚುಕಡಿಮೆ 25 ಡಿಗ್ರಿ ಇರುತ್ತೆ. 30 ಡಿಗ್ರಿ, 80 ಪರ್ಸೆಂಟ್ ಗಾಳಿಯ ಇಬ್ಬನಿ ಬಿಂದು ಸುಮಾರು 26. ಅಂದ್ರೆ ಗಾಜಿನ ಮೇಲೆ ಹನಿ ಕಟ್ಟಲೇಬೇಕು. ಅಕ್ಕ "ಗಾಜೆಲ್ಲ ಬೆವರ್ತಿದೆ, ಏನೋ ಹೆಚ್ಚುಕಮ್ಮಿ ಆಗಿದೆ" ಅಂತ ಫೋಟೋ ಕಳಿಸಿದಾಗ ನನಗೆ ಮಾತ್ರ ಲೆಕ್ಕ ಸರಿಹೋಯ್ತು ಅಂತ ಖುಷಿ. ಆ ಹನಿ ಜಾರಿ ಮತ್ತೆ ಪೀಟ್‌ಗೇ ಸೇರುತ್ತೆ, ನೀರೇನೂ ನಷ್ಟವಿಲ್ಲ. ಆದ್ರೆ ಆ ಗಾಜು ಇರೋವರೆಗೂ ಹಗಲಲ್ಲಿ ತೇವಾಂಶ 75ರ ಆಸುಪಾಸಿನಲ್ಲೇ ನಿಲ್ಲುತ್ತೆ. ಗುಂಡ ಮಲಗೋ ಮಣ್ಣಿನ ಗೂಡಿನೊಳಗೆ ಅದಕ್ಕಿಂತ ಜಾಸ್ತಿ ಇರೋದ್ರಿಂದ ಅಷ್ಟಕ್ಕೆ ಒಪ್ಪಿಕೊಂಡೆವು.

ಬಿಸಿ ಮೇಲಿನಿಂದಲೇ ಬರಬೇಕು. ಆಮೆಗೆ ಸೂರ್ಯ ಗೊತ್ತು. ಹೊಟ್ಟೆ ಕೆಳಗಿನ ಬಿಸಿಕಲ್ಲಿನ ಮೇಲೆ ಕೂತು ಸುಟ್ಟುಕೊಂಡ ಪ್ರಾಣಿಗಳ ಕತೆ ಬೇಕಾದಷ್ಟಿವೆ. ಬೆಳಕಿಲ್ಲದೆ ಬಿಸಿ ಕೊಡೋ ಸೆರಾಮಿಕ್ ಹೀಟರ್ ರಾತ್ರಿಗೆ. ಹಗಲಿಗೆ ಒಂದು ಮೂಲೆಯಲ್ಲಿ ಸಣ್ಣ ಹ್ಯಾಲೊಜೆನ್ ದೀಪ. ಚಿಪ್ಪು, ಮೂಳೆ ಗಟ್ಟಿಯಾಗೋಕೆ ಡಿ3 ವಿಟಮಿನ್ ಬೇಕು, ಅದಕ್ಕೆ ನೇರಳಾತೀತ ಕಿರಣ ಬಿಡೋ ಟ್ಯೂಬ್. ಇನ್ನೊಂದು ಮೂಲೆ ಸ್ವಲ್ಪ ತಂಪಾಗಿರಲಿ. ಎಲ್ಲಿ ಕೂರಬೇಕು ಅನ್ನೋದನ್ನು ಆಮೆಯೇ ತೀರ್ಮಾನಿಸಲಿ.

ಸೆನ್ಸರ್‌ನ ನಂಬೋ ಮುಂಚೆ

ಮೊದಲ ವಾರ ಸೆನ್ಸರ್ ಅನ್ನು ಮುಚ್ಚಳಕ್ಕೆ ಅಂಟಿಸಿದ್ದೆವು. ಅಲ್ಲಿ 33 ಡಿಗ್ರಿ ತೋರಿಸಿದಾಗ ನೆಲದ ಹತ್ತಿರ ಬರೀ 26 ಇತ್ತು. ಆಮೆ ಮುಚ್ಚಳಕ್ಕೆ ನೇತಾಡಲ್ಲ. ಸೆನ್ಸರ್ ಅದರ ಬೆನ್ನಿನ ಎತ್ತರದಲ್ಲಿ, ದೀಪದ ಬೆಳಕು ನೇರ ಬೀಳದ ಜಾಗದಲ್ಲಿ ಇರಬೇಕು.

ತೇವಾಂಶದ ಸೆನ್ಸರ್ ಸರಿಯಾಗಿದೆಯೋ ಇಲ್ಲವೋ ನೋಡೋಕೆ ಅಡುಗೆಮನೆಯ ಉಪ್ಪು ಸಾಕು. ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟೇ ನೀರು ಬೆರೆಸಿ. ಸೆನ್ಸರ್ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗಿನ ತೇವಾಂಶ 75 ಪರ್ಸೆಂಟಿಗೆ ಬಂದು ನಿಲ್ಲುತ್ತೆ. ಅಕ್ಕನ ಎರಡು ಸೆನ್ಸರ್‌ಗಳಲ್ಲಿ ಒಂದು 74 ಅಂತು, ಇನ್ನೊಂದು 86 ಅಂತು. ಎರಡನೆಯದನ್ನು ಎತ್ತಿ ಪಕ್ಕಕ್ಕಿಟ್ಟೆವು. ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಅಗ್ಗದ ತೇವಾಂಶ ಸೆನ್ಸರ್ ಬಳಸೋರು ದಯವಿಟ್ಟು ಒಂದ್ಸಲ ಈ ಪರೀಕ್ಷೆ ಮಾಡಿ.

ನಾನು ಮಾಡಿದ ತಪ್ಪು

ಲೆಕ್ಕದಲ್ಲಿ 58 ವ್ಯಾಟ್ ಬಂದಿತ್ತಲ್ಲ, ಅಕ್ಕನಿಗೆ ನಾನು ತರೋಕೆ ಹೇಳಿದ್ದು 150 ವ್ಯಾಟಿನ ಹೀಟರ್. "ಇರ್ಲಿ ಅಕ್ಕಾ, ಚಳಿ ಜಾಸ್ತಿಯಾದ್ರೆ ಬೇಕಾಗುತ್ತೆ. ಥರ್ಮೋಸ್ಟಾಟ್ ಇದೆಯಲ್ಲ, ಬೇಕಾದಾಗ ಆಫ್ ಮಾಡುತ್ತೆ." ನಮ್ಮಲ್ಲಿ ಎಲ್ಲರೂ ಹೇಳೋ ಮಾತೇ ಇದು. ಸೇಫ್ಟಿಗೆ ಇರ್ಲಿ ಅಂತ ಎರಡು ಪಟ್ಟು, ಮೂರು ಪಟ್ಟು.

ಥರ್ಮೋಸ್ಟಾಟ್ ಅಂದ್ರೆ ಒಂದು ಮೈಕ್ರೊಕಂಟ್ರೋಲರ್, ಒಂದು ರಿಲೇ. ನಾನೇ ಕೋಡ್ ಬರೆದು ಕಳಿಸಿದ್ದೆ. ಅದರಲ್ಲಿ ಇನ್ನೊಂದು ಹುಳುಕಿತ್ತು. 27ಕ್ಕಿಂತ ಕಡಿಮೆ ಆದ್ರೆ ಆನ್, 27 ದಾಟಿದ್ರೆ ಆಫ್ ಅಂತ ಬರೆದಿದ್ದೆ. ನಡುವೆ ಅಂತರವೇ ಇಲ್ಲ. ತಾಪಮಾನ 26.9, 27.0, 26.9 ಅಂತ ಓಲಾಡಿದಾಗಲೆಲ್ಲ ರಿಲೇ ಟಿಕ್ ಟಿಕ್ ಅಂತ ಬಡಿದುಕೊಳ್ಳುತ್ತಿತ್ತು. ಪ್ರತಿ ಟಿಕ್‌ಗೂ ಕಾಂಟ್ಯಾಕ್ಟ್ ನಡುವೆ ಒಂದು ಕಿಡಿ. ಹೀಗೆ ಮೂರು ವಾರ ಬಡಿದು, ಒಂದು ರಾತ್ರಿ ಕಾಂಟ್ಯಾಕ್ಟ್ ಎರಡೂ ಬೆಸೆದು ಅಂಟಿಕೊಂಡುಬಿಟ್ಟವು. ಕೋಡ್ 'ಆಫ್' ಅನ್ನುತ್ತಲೇ ಇತ್ತು. ಹೀಟರ್ ಉರಿಯುತ್ತಲೇ ಇತ್ತು.

ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಟಿದ್ದ ಅಕ್ಕ, ಬಾಗಿಲ ಹತ್ತಿರ ಹೋಗಿ, ಮತ್ತೆ ಯಾಕೋ ವಾಪಸ್ ಬಂದು ಡಬ್ಬಿ ನೋಡಿದಳಂತೆ. ಮೀಟರ್ 39 ತೋರಿಸುತ್ತಿತ್ತು. ಗುಂಡ ದೂರದ ಮೂಲೆಯಲ್ಲಿ ಕತ್ತು ಚಾಚಿ ಬಿದ್ದಿದ್ದ, ಬಾಯಲ್ಲಿ ನೊರೆ. ಆಮೆಗೆ ಬೆವರು ಬರಲ್ಲ. ಮೈ ಮಿತಿಮೀರಿ ಕಾದರೆ ಬಾಯಲ್ಲಿ ನೊರೆ ಬರುತ್ತೆ. ತಕ್ಷಣ ಎತ್ತಿ ಹೊರಗಿಟ್ಟು, ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ನಿಲ್ಲಿಸಿ ಡಾಕ್ಟ್ರ ಹತ್ತಿರ ಓಡಿದಳು. ಬದುಕಿಕೊಂಡ.

ನನಗೆ ಫೋನ್ ಬಂದಾಗ ಸಂಜೆ ಲ್ಯಾಬ್‌ನಿಂದ ಹಾಸ್ಟೆಲ್‌ಗೆ ನಡೀತಿದ್ದೆ. ಅಕ್ಕ ಬೈಯಲಿಲ್ಲ. "ನಾನು ನೋಡದೆ ಹೋಗಿದ್ರೆ ಏನಾಗ್ತಿತ್ತೋ?" ಅಂತ ಅಷ್ಟೇ ಕೇಳಿದಳು. ಆ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿ ಸಿಗುತ್ತೆ ಅಂತ ಗೊತ್ತಿತ್ತು. ರಾತ್ರಿ ಕೂತು ಮಾಡಿದೆ.

ಹೀಟರ್ ಸದಾ ಉರಿದ್ರೆ ಡಬ್ಬಿ ಎಲ್ಲಿಗೆ ಹೋಗಿ ನಿಲ್ಲುತ್ತೆ? 150ರಲ್ಲಿ ನೀರಿಗೆ 3 ಕಳೆದು 147, ಭಾಗಿಸು 5.5, ಅಂದ್ರೆ 26.7 ಡಿಗ್ರಿ ಏರಿಕೆ. ರಾತ್ರಿ ಮನೆ 18 ಡಿಗ್ರಿ. ಒಟ್ಟು ಸುಮಾರು 45. ಉಳಿಯೋ ಪ್ರಶ್ನೆಯೇ ಇಲ್ಲ.

ಮತ್ತೆ ಆರು ಗಂಟೆಗೆ 39 ಯಾಕಿತ್ತು? ಅದು ಕೆಪಾಸಿಟರ್ ಮಹಿಮೆ. ಸುಮಾರು 30 ಕೆಜಿ ಒದ್ದೆ ಪೀಟ್, 30 ಕೆಜಿ ಪ್ಲೈವುಡ್, ಎರಡೂ ಸೇರಿ ಒಂದು ಡಿಗ್ರಿ ಏರೋಕೆ ಅಂದಾಜು 140 ಕಿಲೋಜೌಲ್ ನುಂಗುತ್ತವೆ. ಇದನ್ನು 5.5ರಿಂದ ಭಾಗಿಸಿದ್ರೆ ಟೈಮ್ ಕಾನ್‌ಸ್ಟಂಟ್ ಏಳು ಗಂಟೆ. ರಾತ್ರಿ ಹತ್ತಕ್ಕೆ 27ರಿಂದ ಹೊರಟು 45ರ ಕಡೆಗೆ ಎಂಟು ಗಂಟೆ ನಡೆದ್ರೆ ಎಲ್ಲಿರ್ತೀವಿ? ಸರಿಯಾಗಿ 39. ರಿಲೇ ಅಂಟಿಕೊಂಡಿದ್ದು ಹತ್ತರ ಸುಮಾರಿಗೆ ಅಂತ ಆ ಲೆಕ್ಕವೇ ಹೇಳಿತು. ಅಕ್ಕ ಸಂಜೆ ಬರೋ ಹೊತ್ತಿಗೆ 43 ದಾಟಿರುತ್ತಿತ್ತು. ಗುಂಡನನ್ನು ಆ ರಾತ್ರಿ ಉಳಿಸಿದ್ದು ನನ್ನ ಕೋಡ್ ಅಲ್ಲ, ತೆಂಗಿನ ನಾರು.

ಪರೀಕ್ಷೆಯಲ್ಲಿ ಆರ್‌ಸಿ ಸರ್ಕ್ಯೂಟ್‌ಗೆ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. 58 ಬೇಕು ಅಂತ ನನ್ನ ಕೈಯಾರೆ ಲೆಕ್ಕ ಮಾಡಿ 150 ತರೋಕೆ ಹೇಳುವಾಗ, ಇದು ಆಫ್ ಆಗದೇ ಹೋದ್ರೆ ಏನು ಅಂತ ಒಂದ್ಸಲವೂ ಕೇಳಿಕೊಂಡಿರಲಿಲ್ಲ.

ಎರಡನೇ ಸಲ ಕಟ್ಟಿದ್ದು

1. ಹೀಟರ್ ಚಿಕ್ಕದಾಗಲಿ. ರಾತ್ರಿಗೆ 60 ವ್ಯಾಟಿನ ಸೆರಾಮಿಕ್. ರಿಲೇ ಅಂಟಿಕೊಂಡು ರಾತ್ರಿಯಿಡೀ ಉರಿದರೂ ಏರಿಕೆ 57 ಭಾಗಿಸು 5.5, ಸುಮಾರು 10 ಡಿಗ್ರಿ. 18ಕ್ಕೆ 10 ಸೇರಿ 28. ಕೆಟ್ಟುಹೋದ್ರೂ ಕೊಲ್ಲಲಾರದ ಹೀಟರ್ ಇದು.

2. ಹಗಲಿನ ದೀಪಗಳೂ ಹೀಟರೇ. 35 ವ್ಯಾಟ್ ಹ್ಯಾಲೊಜೆನ್, 24 ವ್ಯಾಟ್ ನೇರಳಾತೀತ ಟ್ಯೂಬ್, ಒಟ್ಟು 59. ಡಬ್ಬಿಯೊಳಗೆ ಹೋದ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತೆ. 20 ಡಿಗ್ರಿ ಮನೆಯಲ್ಲಿ ಇವೆರಡರಿಂದಲೇ 30 ಬರುತ್ತೆ. ಸೆರಾಮಿಕ್‌ಗೆ ಹಗಲಲ್ಲಿ ಕೆಲಸವೇ ಇಲ್ಲ.

3. ಎರಡನೇ ಕಾವಲುಗಾರ. ಹಗಲಲ್ಲಿ ಸೆರಾಮಿಕ್ ಕೂಡ ಅಂಟಿಕೊಂಡು ಉರಿದ್ರೆ ಒಟ್ಟು 119 ವ್ಯಾಟ್, ಡಬ್ಬಿ 41ಕ್ಕೆ ಹೋಗುತ್ತೆ. ಅದಕ್ಕೇ ಮೈಕ್ರೊಕಂಟ್ರೋಲರ್‌ಗೆ ಸಂಬಂಧವೇ ಇಲ್ಲದ ಒಂದು ಯಾಂತ್ರಿಕ ಕಟ್‌ಆಫ್ ಅನ್ನು ಸರಣಿಯಲ್ಲಿ ಹಾಕಿದೆವು. ತಂಪು ಮೂಲೆಯಲ್ಲಿ 34 ದಾಟಿದ್ರೆ ಎಲ್ಲವನ್ನೂ ಆರಿಸುತ್ತೆ. ಮೊದಲನೆಯದು ಯಾವ ಕಾರಣಕ್ಕೆ ಕೆಡುತ್ತೋ ಅದೇ ಕಾರಣಕ್ಕೆ ಎರಡನೆಯದೂ ಕೆಡುವ ಹಾಗಿರಬಾರದು.

4. ಆನ್, ಆಫ್ ನಡುವೆ ಅಂತರ. 26.5ಕ್ಕೆ ಆನ್, 27.5ಕ್ಕೆ ಆಫ್. ಏಳು ಗಂಟೆಯ ಟೈಮ್ ಕಾನ್‌ಸ್ಟಂಟ್ ಇರೋ ಡಬ್ಬಿಗೆ ಆತುರ ಬೇಕಾಗಿಲ್ಲ.

5. ಕರೆಂಟ್ ಹೋದ್ರೆ? ಎಂಟು ಗಂಟೆಯಲ್ಲಿ ಡಬ್ಬಿ 27ರಿಂದ 21ಕ್ಕೆ ಇಳಿಯುತ್ತೆ. ಗಾಜಿನ ಮೇಲೆ ದಪ್ಪ ಕಂಬಳಿ ಹೊದಿಸಿದ್ರೆ ಇನ್ನೂ ನಿಧಾನ. ಆದ್ರೆ ಕಂಬಳಿ ಹೊದಿಸಿ ಹೀಟರ್ ಉರಿಸಬೇಡಿ. ಆಗ 5.5 ಅನ್ನೋ ಅಂಕಿ ಬದಲಾಗಿರುತ್ತೆ, ಜೊತೆಗೆ ಬೆಂಕಿಯ ಭಯ ಬೇರೆ.

ಇಷ್ಟಾದ ಮೇಲೆ ತೇವಾಂಶ ಹಗಲು 75, ರಾತ್ರಿ 80ರ ಆಸುಪಾಸು. ನೀರು ಸುರಿಯೋದು ಮೂರು ದಿನಕ್ಕೊಮ್ಮೆ, ಒಂದು ಚೊಂಬಿಗಿಂತ ಕಡಿಮೆ. ಅದರ ಜೊತೆ ಪ್ರತಿದಿನ ಗುಂಡನಿಗೆ ಬೆಚ್ಚಗಿನ ನೀರಲ್ಲಿ ಕಾಲು ಗಂಟೆ ಸ್ನಾನ. ಏಪ್ರಿಲ್‌ನಲ್ಲಿ ಅಕ್ಕ ಮತ್ತೆ ಅವನನ್ನು ಕ್ಯಾಮೆರಾ ಹತ್ತಿರ ಹಿಡಿದಳು. ಹಳೆಯ ಗೋಪುರಗಳು ಹಾಗೇ ಇವೆ. ಆದ್ರೆ ಬಿಲ್ಲೆಗಳ ನಡುವೆ ಹೊಸದಾಗಿ ಬೆಳೆದ ತಿಳಿ ಬಣ್ಣದ ಅಂಚು ಸಮತಟ್ಟಾಗಿತ್ತು. ನನ್ನ ಮಟ್ಟಿಗೆ ಅದೇ ರಿಸಲ್ಟ್ ಶೀಟ್.

ಇದು ಎಲ್ಲಿಯವರೆಗೆ ಅನ್ನೋದು ಬೇರೆ ಮಾತು. ಬೆಳೆದ ಸಲ್ಕಾಟಾ 40, 50 ಕೆಜಿ ತೂಗುತ್ತೆ, ಹಲವು ದಶಕ ಬದುಕುತ್ತೆ. ಆಗ ಡಬ್ಬಿ ಅಲ್ಲ, ಅವನಿಗೇ ಒಂದು ಕೋಣೆ ಬೇಕು. ಅಕ್ಕ ಈಗಲೇ ಬಿಸಿ ಪ್ರದೇಶದಲ್ಲಿರೋ ಆಶ್ರಯಧಾಮ ಹುಡುಕುತ್ತಿದ್ದಾಳೆ.

ನಮ್ಮೂರಲ್ಲಿ?

ಇದನ್ನು ಓದಿ ಯಾರಾದ್ರೂ "ಮಗಾ, ನಾವೂ ಒಂದು ಆಮೆ ತರೋಣ" ಅಂದ್ರೆ ದಯವಿಟ್ಟು ತಡೀರಿ. ನಮ್ಮಲ್ಲಿ ಕದ್ದು ಮಾರೋದು ಹೆಚ್ಚಾಗಿ ನಕ್ಷತ್ರ ಆಮೆ, ನಮ್ಮ ಕುರುಚಲು ಕಾಡಿನದೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯೋದು, ಮಾರೋದು, ಮನೆಯಲ್ಲಿಟ್ಟುಕೊಳ್ಳೋದು ಎಲ್ಲವೂ ಅಪರಾಧ. 2019ರಲ್ಲಿ ಸೈಟಿಸ್ ಒಪ್ಪಂದದ ಮೊದಲನೇ ಪಟ್ಟಿಗೆ ಸೇರಿದ ಮೇಲೆ ಅಂತರರಾಷ್ಟ್ರೀಯ ವ್ಯಾಪಾರವೂ ನಿಂತಿದೆ. ಮನೆಗೆ ಅದೃಷ್ಟ ಬರುತ್ತೆ ಅಂತ ಸೂಟ್‌ಕೇಸ್‌ಗಳಲ್ಲಿ ತುಂಬಿ ಸಾಗಿಸುವಾಗ ಎಷ್ಟು ಮರಿಗಳ ಅದೃಷ್ಟ ಮುಗಿಯುತ್ತೋ. ಎಲ್ಲಾದ್ರೂ ಮಾರೋದು ಕಂಡ್ರೆ ಅರಣ್ಯ ಇಲಾಖೆಗೆ ತಿಳಿಸಿ. ಕನಿಕರದಿಂದಲೂ ಕೊಳ್ಳಬೇಡಿ.

ಆದ್ರೆ ಈ ಲೆಕ್ಕಕ್ಕೆ ನಮ್ಮೂರಲ್ಲಿ ಕೆಲಸ ಬೇಕಾದಷ್ಟಿದೆ. ಅಣಬೆ ಬೆಳೆಯೋ ಕೋಣೆಗೆ, ಕೋಳಿ ಮೊಟ್ಟೆ ಮರಿ ಮಾಡೋ ಪೆಟ್ಟಿಗೆಗೆ, ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಇಡೋ ಆಸ್ಪತ್ರೆಯ ಇನ್‌ಕ್ಯುಬೇಟರ್‌ಗೂ ಬೇಕಾದದ್ದು ಇದೇ: ಬಿಸಿ ಮತ್ತು ತೇವ, ಎರಡೂ ಒಟ್ಟಿಗೆ. ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಇಂಥದ್ದೇನಾದ್ರೂ ಕಟ್ಟುವಾಗ, ಎಷ್ಟು ವ್ಯಾಟ್ ಬೇಕು ಅಂತ ಲೆಕ್ಕ ಹಾಕಿದ ಪುಟದ ಕೆಳಗೇ ಇನ್ನೊಂದು ಸಾಲು ಬರೆಯಿರಿ: ಇದು ಆಫ್ ಆಗದೇ ಹೋದ್ರೆ ಎಷ್ಟಕ್ಕೆ ಹೋಗಿ ನಿಲ್ಲುತ್ತೆ? ಐದು ನಿಮಿಷದ ಭಾಗಾಕಾರ. ನಾನು ಅದನ್ನು ಮೂರು ವಾರ ತಡವಾಗಿ ಮಾಡಿದೆ.